‘ಅವನ ಕೈಲಿ ಏನಿದೆ?’

ನಮ್ಮ ಆಫೀಸಿನಲ್ಲಿ ನನ್ನ ನಾಲಿಗೆಯಿಂದ ಪಾರಾದವರು ಕಡಿಮೆ. ಮ್ಯಾನೇಜರು ಮೀಟಿಂಗಿಗೆ ಬರುವ ಮೊದಲೇ ನಾನು ಅವರಾಗಿ ಬಂದು, "ಗಾಯ್ಸ್, ಜಲ್ದಿ, ಜಲ್ದಿ" ಎಂದು ಕೈ ತಟ್ಟಿ ಹೋಗಿರುತ್ತೇನೆ. ಕೆಳಗಿನ ಟೀ ಭಯ್ಯಾ ಶುಂಠಿ ಜಜ್ಜುವ ತಾಳ, ಎಚ್‌ಆರ್ ಹುಡುಗಿ ಕೆಟ್ಟ ಸುದ್ದಿ ಹೇಳುವ ಮುಂಚೆ ಎಳೆದುಕೊಳ್ಳುವ ಉಸಿರು, ಮೆಟ್ರೋದಲ್ಲಿ ಬಾಗಿಲು ಯಾವ ಕಡೆ ತೆರೆಯುತ್ತದೆಂದು ಹೇಳುವ ದನಿ, ಎಲ್ಲವೂ ನನ್ನ ಗಂಟಲಿನಲ್ಲಿವೆ. ನನ್ನನ್ನೂ ನಾನು ಬಿಟ್ಟಿಲ್ಲ. ರಜೆ ಕೇಳಲೆಂದು ಮ್ಯಾನೇಜರ ಕೋಣೆಗೆ ಎದೆಯುಬ್ಬಿಸಿ ಹೋಗಿ, "ನೋ ಪ್ರಾಬ್ಲಂ ಸರ್" ಎಂದು ಹಲ್ಲು ಕಿರಿದು, ಇನ್ನೊಂದು ಕೆಲಸ ತಲೆಗೆ ಕಟ್ಟಿಕೊಂಡು ಬರುವ ತುಮಕೂರಿನ ಹುಡುಗನ ನಕಲಿಗೆ ಬೀಳುವಷ್ಟು ಚಪ್ಪಾಳೆ ಬೇರೆ ಯಾವುದಕ್ಕೂ ಬೀಳುವುದಿಲ್ಲ.

ಅಕ್ಕ ಒಬ್ಬರು ಮಾತ್ರ ನನಗೆ ದಕ್ಕಲಿಲ್ಲ.

ಅಕ್ಕ ಎಂದರೆ ನಮ್ಮ ತಂಡದ ಹಿರಿಯ ಇಂಜಿನಿಯರ್. ಉಳಿದವರಿಗೆ ಮ್ಯಾಡಂ. ನೋಯ್ಡಾದ ಆ ಮಹಡಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ ಆದ್ದರಿಂದ ನನಗೆ ಅಕ್ಕ. ವಯಸ್ಸಿನಲ್ಲಿ ನನ್ನಮ್ಮನಿಗಿಂತ ಸ್ವಲ್ಪ ದೊಡ್ಡವರೇ. ಮೊದಲ ದಿನ "ಆಂಟಿ" ಎಂದಿದ್ದೆ. "ಅಕ್ಕ ಅನ್ನು, ಬದುಕಿಕೊಳ್ತೀಯ" ಎಂದರು. ನಗಲಿಲ್ಲ. ಆದ್ದರಿಂದ ಅದು ತಮಾಷೆಯೋ ಎಚ್ಚರಿಕೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಯಾರಾದರೂ ಕರೆದರೆ ಅವರು ತಲೆ ಎತ್ತುತ್ತಿರಲಿಲ್ಲ. ಬಲಗೈ ಕೀಬೋರ್ಡಿನ ಮೇಲೇ ಇರುತ್ತಿತ್ತು, ಎಡಗೈಯ ತೋರುಬೆರಳು ಮಾತ್ರ ನೆಟ್ಟಗೆ ಮೇಲೇಳುತ್ತಿತ್ತು. ಗದರುವ ಬೆರಳಲ್ಲ, ಆಶೀರ್ವಾದದ್ದೂ ಅಲ್ಲ. ಕೇಳಿಸಿತು, ಕೈಲಿರುವುದನ್ನು ಕೆಳಗಿಟ್ಟು ಬರುತ್ತೇನೆ ಎಂದು ಅದರ ಅರ್ಥ. ಟೀ ಭಯ್ಯಾನಿಗೂ ಅದೇ ಬೆರಳು, ದೊಡ್ಡ ಸಾಹೇಬರಿಗೂ ಅದೇ ಬೆರಳು. ಮೊದಮೊದಲು ನನಗೆ ಇದು ಸೊಕ್ಕು ಅನಿಸುತ್ತಿತ್ತು. ಅವರ ಬೆನ್ನ ಹಿಂದೆ ನಾನೂ ಬೆರಳೆತ್ತಿ ನಿಲ್ಲುತ್ತಿದ್ದೆ. ಹುಡುಗರು ನಗುತ್ತಿದ್ದರು, ಆದರೆ ಮ್ಯಾನೇಜರ ನಕಲಿಗೆ ನಗುವ ಹಾಗಲ್ಲ, ಸುಮ್ಮನೆ ಮರ್ಯಾದೆಗೆ. ನಕಲು ಮಾಡುವವನಿಗೆ ಇಂಥ ನಗು ಚೆನ್ನಾಗಿ ಗೊತ್ತಾಗುತ್ತದೆ.

ಅದೇ ಬೆರಳು ಒಂದು ಮಧ್ಯಾಹ್ನ, ದೆಹಲಿಯ ರೋಹಿಣಿ ಬಡಾವಣೆಯ ಆಸ್ಪತ್ರೆಯೊಂದರಲ್ಲಿ ಹೆರಿಗೆಯ ಮೇಜಿನ ಮೇಲೆ ಮಲಗಿದ್ದ ಹೆಂಗಸಿಗೂ ತಪ್ಪು ರಕ್ತದ ಚೀಲಕ್ಕೂ ನಡುವೆ ನಿಂತಿತ್ತು. ಆ ಹೆಂಗಸನ್ನು ಅಕ್ಕನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಅದಕ್ಕೆ ಮೊದಲು ನಮ್ಮ ಕಸುಬನ್ನು ಸ್ವಲ್ಪ ಹೇಳಬೇಕು. ಆಸ್ಪತ್ರೆಯ ಲ್ಯಾಬುಗಳಲ್ಲಿ ರಕ್ತ ಪರೀಕ್ಷಿಸುವ ಯಂತ್ರಗಳಿರುತ್ತವಲ್ಲ, ಅವು ಆಡುವ ಮಾತನ್ನು ಕೇಳಿ ಬರೆದುಕೊಳ್ಳುವ ಪ್ರೋಗ್ರಾಮು ನಮ್ಮದು. ಯಂತ್ರ ಮೊದಲು ಒಂದು ಹೆಸರು ಹೇಳುತ್ತದೆ, ಆಮೇಲೆ ಆ ಹೆಸರಿನವರ ರಕ್ತದ ಗುಂಪು ಹೇಳುತ್ತದೆ. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಈ ಪ್ರೋಗ್ರಾಮಿನೊಳಗೆ ಒಂದೊಂದು ಯಂತ್ರದ ಮುಂದೆಯೂ ಒಬ್ಬೊಬ್ಬ ಕೇಳುಗನನ್ನು ಕೂರಿಸಿರುತ್ತೇವೆ. ಅವನನ್ನು ಥ್ರೆಡ್ ಎನ್ನುತ್ತಾರೆ. ಎಲ್ಲ ಕೇಳುಗರೂ ಬರೆಯುವುದು ಒಂದೇ ಕಡೆ. ಒಬ್ಬ ಬರೆಯುವಾಗ ಒಳಗಿನಿಂದ ಬೀಗ ಹಾಕಿಕೊಳ್ಳುತ್ತಾನೆ. ಅವನು ಮುಗಿಸಿ ಬೀಗ ತೆಗೆಯುವವರೆಗೆ ಉಳಿದವರು ಹೊರಗೆ ಸಾಲು ನಿಂತಿರಬೇಕು.

ಇದರಲ್ಲಿ ನನ್ನ ಪಾಲಿನ ಕೆಲಸ ನಕಲಿ ಯಂತ್ರಗಳನ್ನು ಮಾಡುವುದು. ನಿಜವಾದ ಯಂತ್ರವನ್ನು ಹೊತ್ತು ತಂದು ಆಫೀಸಿನಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ. ಆದ್ದರಿಂದ ಅದರ ಹಾಗೆಯೇ ಮಾತಾಡುವ ಪುಟ್ಟ ಪ್ರೋಗ್ರಾಮು ಬರೆದು, ಅದರ ಎದುರು ನಮ್ಮ ಕೇಳುಗನನ್ನು ಕೂರಿಸಿ ಪರೀಕ್ಷೆ ಮಾಡುತ್ತೇವೆ. ದೇವರು ಒಂದೊಂದು ಸಲ ಮನುಷ್ಯನ ಚಾಳಿ ನೋಡಿಯೇ ನೌಕರಿ ಕೊಡುತ್ತಾನೆ. ರೋಹಿಣಿಯ ಆ ಯಂತ್ರದ ಮುಂದಂತೂ ವಾರಗಟ್ಟಲೆ ಸ್ಟೂಲು ಹಾಕಿಕೊಂಡು ಕೂತು, ಅದು ಕೆಮ್ಮುವುದು, ಕಾಗದ ಉಗುಳುವುದು, ಕೀಚಲು ದನಿಯಲ್ಲಿ ಬೀಪ್ ಎನ್ನುವುದು ಎಲ್ಲ ಕಲಿತು ಬಂದಿದ್ದೆ.

ಸೇರಿದ ಹೊಸತರಲ್ಲಿ, ಅಂಥ ಒಬ್ಬ ಕೇಳುಗ ಪರೀಕ್ಷೆಯ ನಡುವೆ ಅಲುಗಾಡದೆ ಕೂತುಬಿಟ್ಟ. ಇಂಟರ್ನೆಟ್ಟಿನಲ್ಲಿ ಹಳೆಯ ಯಾವುದೋ ಉತ್ತರ ಹುಡುಕಿ, ಅವನಿಗೆ ‘ಸ್ಟಾಪ್’ ಎಂದು ಬರೆದೆ. ಹಳೇ ಜಾವಾದಲ್ಲಿ ಆ ಆಜ್ಞೆಗೆ ಅವನು ಇದ್ದಲ್ಲೇ ಸಾಯುತ್ತಾನೆ. ಸತ್ತ, ಪ್ರೋಗ್ರಾಮು ಮುಂದೆ ಹೋಯಿತು, ನಾನು ಕಾಲರು ಎತ್ತಿಕೊಂಡೆ. ಅಕ್ಕ ಬಂದು ಹಿಂದೆ ನಿಂತರು.

"ಸಾಯಿಸಿದ್ಯಾ?"

"ಹೂಂ ಅಕ್ಕ. ಕೂತುಬಿಟ್ಟಿದ್ದ."

"ಅವನ ಕೈಲಿ ಏನಿತ್ತು ಅಂತ ಕೇಳಿದ್ಯಾ?"

ಅವರು ಪರದೆಯನ್ನು ತೋರಿಸಿದರು. ಅವನು ಸತ್ತೊಡನೆ ಬೀಗ ತಾನಾಗಿ ಬಿಚ್ಚಿಕೊಂಡಿತ್ತು. ಅರ್ಧ ಬರೆದಿಟ್ಟ ಹೆಸರು ಹಾಗೇ ಬಿದ್ದಿತ್ತು. ಹಿಂದಿನಿಂದ ಬಂದ ಇನ್ನೊಬ್ಬ ಅದರ ಮುಂದೆಯೇ ತನ್ನದನ್ನು ಬರೆದು ಹೋಗಿದ್ದ.

"ಹೊಸ ಜಾವಾದಲ್ಲಿ ಈ ಆಜ್ಞೆ ಕೊಟ್ಟರೆ ಅದು ಒಪ್ಪೋದೇ ಇಲ್ಲ. ಅದಕ್ಕೂ ಬುದ್ಧಿ ಬಂತು," ಎಂದರು ಅಕ್ಕ. "ಕೊಲ್ಲಬಾರದು ಕಣೋ. ಕೇಳಬೇಕು. ಬೆಲ್ ಒತ್ತಬೇಕು. ಅವನು ಕೈಲಿರೋದನ್ನ ಇಟ್ಟು, ಬೀಗ ತೆಗೆದು, ತಾನೇ ಎದ್ದು ಬರಬೇಕು."

ನಾನು ಬೆಲ್ಲೂ ಒತ್ತಿ ಕಲಿತೆ. ಆದರೆ ಬೆಲ್ ಕೇಳಿದವನು ಏನು ಮಾಡಬೇಕೆಂದು ಬರೆಯುವ ಜಾಗದಲ್ಲಿ ಏನೂ ಬರೆಯದೆ ಖಾಲಿ ಬಿಡುತ್ತಿದ್ದೆ. ಅಂದರೆ ಬೆಲ್ ಆಗುತ್ತದೆ, ಒಳಗಿನವನು ‘ಹೂಂ’ ಎಂದು ಮಗ್ಗುಲಾಗಿ ಮತ್ತೆ ಮಲಗುತ್ತಾನೆ. ಅಕ್ಕ ಇದನ್ನು ಬಾಯಲ್ಲಿ ಹೇಳಲಿಲ್ಲ. ಒಂದು ದಿನ ಇಯರ್‌ಫೋನ್ ಹಾಕಿಕೊಂಡು ಕೂತಿದ್ದೆ. ಅವರು ಕರೆದರು, ನಾನು ಹೂಂ ಎಂದೆ. ಮತ್ತೆ ಕರೆದರು, ಮತ್ತೆ ಹೂಂ ಎಂದೆ. ಎದ್ದು ಬಂದು ಲ್ಯಾಪ್‌ಟಾಪಿನಿಂದ ಇಯರ್‌ಫೋನಿನ ತಂತಿಯನ್ನೇ ಕಿತ್ತರು. ಭೋಜಪುರಿ ಮದುವೆ ಹಾಡು ಇಡೀ ಮಹಡಿಗೆ ಕೇಳಿಸಿತು. ನಾನು ದಡಬಡ ಎದ್ದೆ.

"ಈಗ ಎದ್ದೆ ನೋಡು. ನಿನ್ನ ಕೇಳುಗನೂ ಹೀಗೇ. ಕಿವಿಯನ್ನ ಯಂತ್ರಕ್ಕೆ ಕೊಟ್ಟು ಕೂತೋನಿಗೆ ಬಾಗಿಲ ಬೆಲ್ ಕೇಳಲ್ಲ. ಅವನು ಕೇಳ್ತಿರೋ ಲೈನನ್ನೇ ಮುಚ್ಚಬೇಕು. ಆಗ ಹಲೋ ಹಲೋ ಅಂತ ಏಳ್ತಾನೆ. ಎದ್ದ ಮೇಲೆ ಬೆಲ್ ನೆನಪಾಗತ್ತೆ." ಸ್ವಲ್ಪ ಹೋಗಿ ತಿರುಗಿ ನಿಂತು, "ಹಾಡು ಚೆನ್ನಾಗಿದೆ" ಎಂದರು.

ಲಕ್ಷ್ಮೀ ನಗರದ ನನ್ನ ಕೋಣೆಯಲ್ಲಿ ಮಾತ್ರ ಹಾಡು ಕೇಳುವ ಹಾಗಿರಲಿಲ್ಲ. ಪಕ್ಕದಲ್ಲಿ ಪರೀಕ್ಷೆಗೆ ಓದುವ ಕೋಚಿಂಗ್ ಹುಡುಗರು, ಮೇಲೂ ಕೋಚಿಂಗ್ ಹುಡುಗರು. ಭಾನುವಾರಗಳಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಊಟಕ್ಕೆ ಅಕ್ಕನ ಮನೆಗೆ ಹೋಗುತ್ತಿದ್ದೆ. ಲೋಧಿ ಕಾಲೋನಿಯ ಹಳೇ ಸರ್ಕಾರಿ ಕ್ವಾರ್ಟರ್ಸು. ಅವರ ತಂದೆ ಯಾವುದೋ ಸಚಿವಾಲಯದಲ್ಲಿ ಗುಮಾಸ್ತರಾಗಿ ಮೈಸೂರಿನಿಂದ ಬಂದವರು. ಅಕ್ಕ ಹುಟ್ಟಿದ್ದು ಅದೇ ಕಾಲೋನಿಯಲ್ಲಿ. ಮದುವೆಯಾದದ್ದೂ ಇನ್ನೊಂದು ಸಚಿವಾಲಯದ ಅಧಿಕಾರಿಯನ್ನು, ಬಂದು ಸೇರಿದ್ದು ಎರಡು ಗಲ್ಲಿಯಾಚೆಯ ಇನ್ನೊಂದು ಕ್ವಾರ್ಟರ್ಸಿಗೆ. ಕರ್ನಾಟಕಕ್ಕೆ ಹೋದದ್ದು ಬೇಸಿಗೆ ರಜೆಯಲ್ಲಿ ಮಾತ್ರ. ಅವರ ಕನ್ನಡ ಅಮ್ಮನ ಅಡುಗೆಮನೆಯಲ್ಲಿ ಕಲಿತದ್ದು, ನಡುನಡುವೆ ‘ಮತ್ಲಬ್’, ‘ಅಚ್ಛಾ’. "ಗೊಜ್ಜು ಬಡಿಸ್ಕೊಳೋ, ಅಚ್ಛಾ ಆಗಿದೆ" ಎಂದಾಗ ನಾನು ಅದನ್ನು ಅಲ್ಲೇ ಅವರೆದುರೇ ನಕಲು ಮಾಡಿದ್ದೆ. ಯಜಮಾನರಿಗೆ ನಗು ತಡೆಯಲಾಗದೆ ನೆತ್ತಿಗೇರಿತು.

ಆ ಮನೆಯ ಗೋಡೆಗಳಲ್ಲಿ ಮೊಳೆ ಇರಲಿಲ್ಲ. ಫೋಟೋಗಳೆಲ್ಲ ಮೇಜಿನ ಮೇಲೆ, ಬೀರುವಿನ ಮೇಲೆ. ಕೇಳಿದ್ದಕ್ಕೆ ಅಕ್ಕ, "ಸರ್ಕಾರದ ಮನೆ ಕಣೋ. ಬಿಡುವಾಗ ತಗೊಂಡ ಹಾಗೇ ಕೊಡಬೇಕು. ನಲ್ಲಿ, ಫ್ಯಾನು, ಕಿಟಕಿ ಗಾಜು, ಎಲ್ಲ ನೋಡಿ ಒಪ್ಪಿಸ್ಕೋತಾರೆ. ನಮ್ಮಪ್ಪ ಒಂದು ಕ್ಯಾಲೆಂಡರ್ ಮೊಳೆ ಹೊಡೆಯೋಕೂ ಒಂದು ವಾರ ಯೋಚನೆ ಮಾಡೋರು" ಎಂದರು. ಅವರು ಬರೆದ ಪ್ರೋಗ್ರಾಮುಗಳೂ ಹಾಗೇ ಇರುತ್ತಿದ್ದವು. ಪ್ರತಿಯೊಬ್ಬ ಕೇಳುಗನೂ ಎದ್ದು ಹೋಗುವ ಮುನ್ನ ಅರ್ಧವಾದದ್ದನ್ನು ಪಕ್ಕಕ್ಕೆ ಎತ್ತಿಟ್ಟು, ಬೀಗ ತೆಗೆದು, ಪರದೆಯ ಮೇಲೆ ಒಂದು ಸಾಲು ಬರೆದು ಹೋಗಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಸಾಲು: ‘ಕೈಯಲ್ಲಿ ಏನೂ ಇಲ್ಲ. ಹೊರಟೆ.’ ನಮ್ಮ ಮ್ಯಾನೇಜರು ಅದನ್ನು ಬಹಳ ದಿನ ಯಾವುದೋ ಶಾಂತಿಮಂತ್ರ ಎಂದುಕೊಂಡಿದ್ದರು. ನಾನೂ ತಿದ್ದಲಿಲ್ಲ.

ಈಗ ಆ ಮಧ್ಯಾಹ್ನ.

ಊಟದ ಡಬ್ಬಿ ಇನ್ನೂ ಮುಚ್ಚಿರಲಿಲ್ಲ. ರೋಹಿಣಿಯ ರಕ್ತನಿಧಿಯಿಂದ ತಿವಾರಿ ಭಯ್ಯಾ ಫೋನು ಮಾಡಿದ. ಅಲ್ಲಿನ ಹಳೆಯ ಟೆಕ್ನಿಷಿಯನ್, ಯಾವತ್ತೂ ಕೂಗಾಡದ ಮನುಷ್ಯ. ಅವತ್ತು ಅವನ ದನಿ ಒಡೆದಿತ್ತು. ಪರದೆ ನಿಂತುಹೋಗಿದೆ, ಯಾವ ಯಂತ್ರದ ಫಲಿತಾಂಶವೂ ಬರುತ್ತಿಲ್ಲ, ಥಿಯೇಟರಿನಲ್ಲಿ ಹೆರಿಗೆಯ ಹೆಂಗಸಿಗೆ ರಕ್ತ ನಿಲ್ಲುತ್ತಿಲ್ಲ, ಅವಳ ಸ್ಯಾಂಪಲ್ಲು ಯಂತ್ರದ ಬಾಯಲ್ಲಿದೆ. ಪಕ್ಕದ ಮೇಜಿನಲ್ಲಿ ಕೈಯಿಂದಲೂ ಪರೀಕ್ಷೆ ಶುರು ಮಾಡಿದ್ದಾರೆ. ಆದರೆ ಅದು ಮುಗಿದರೂ, ಪರದೆಯ ಮೇಲೆ ಹೆಸರಿಗೂ ಗುಂಪಿಗೂ ತಾಳೆ ಬೀಳದೆ ಚೀಲ ಹೊರಗೆ ಕೊಡುವ ಹಾಗಿಲ್ಲ.

ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಕೇಳುಗರೆಲ್ಲ ಏನು ಮಾಡುತ್ತಿದ್ದಾರೆಂದು ತೋರಿಸುವ ಆಜ್ಞೆ ಕೊಟ್ಟರು. ಒಬ್ಬ ಯಂತ್ರಕ್ಕೆ ಕಿವಿಗೊಟ್ಟು ಕೂತಿದ್ದಾನೆ. ಬೀಗ ಅವನ ಕೈಲಿದೆ. ಉಳಿದವರೆಲ್ಲ ಅವನ ಹಿಂದೆ ಸಾಲು.

"ನಡುವೆ ಸುಮ್ಮನಾಗಿದೆ," ಎಂದರು ಅಕ್ಕ ನನಗೆ ಮಾತ್ರ ಕೇಳುವಂತೆ. "ಹೆಸರು ಹೇಳಿದೆ. ಗುಂಪು ಹೇಳಿಲ್ಲ."

ನಿಲ್ಲಿಸುವ ಆಜ್ಞೆ ಕೊಟ್ಟರು. ಏನೂ ಆಗಲಿಲ್ಲ. ಮತ್ತೆ ಕೊಟ್ಟರು. ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಆ ಕೋಡು ಅವರದೇ. ಅದರಲ್ಲಿ ಅವರು ಬೆಲ್ ಒತ್ತಿದ್ದರು, ಲೈನು ಮುಚ್ಚಿರಲಿಲ್ಲ. ಪ್ರೋಗ್ರಾಮು ಓಡುತ್ತಿರುವಾಗ ಇಲ್ಲಿಂದ ಅದನ್ನು ಸೇರಿಸಲೂ ಆಗುವುದಿಲ್ಲ.

ಅಷ್ಟರಲ್ಲಿ ಮ್ಯಾನೇಜರು ಬಂದರು. ಆಸ್ಪತ್ರೆಯ ದೊಡ್ಡವರಿಂದ ಅವರಿಗೂ ಫೋನು ಬಂದಿತ್ತು. ನಿಂತುಕೊಂಡೇ ತಮ್ಮ ಲ್ಯಾಪ್‌ಟಾಪಿನಲ್ಲಿ ಆ ಸರ್ವರಿಗೆ ಹೊಕ್ಕು, ಇಡೀ ಪ್ರೋಗ್ರಾಮನ್ನು ಒಂದೇಟಿಗೆ ಹೊಡೆದುಹಾಕುವ ಆಜ್ಞೆ ಬರೆದರು. ಎಂಟರ್ ಒತ್ತುವುದೊಂದೇ ಬಾಕಿ.

"ಮಾರ್ ದೇತಾ ಹೂಂ ಮ್ಯಾಡಂ, ಕೊಂದುಬಿಡ್ತೀನಿ. ಮತ್ತೆ ಶುರು ಮಾಡೋಣ. ಜಲ್ದಿ!"

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಎಡಗೈಯ ಬೆರಳು ಮೇಲೆದ್ದಿತು.

ಅದನ್ನು ನೋಡಿ ಮ್ಯಾನೇಜರ ಕೈ ಎಂಟರ್ ಕೀಲಿಯ ಮೇಲೆ ನಿಂತಿತು. ಒತ್ತಲೂ ಇಲ್ಲ, ಹಿಂದೆಗೆಯಲೂ ಇಲ್ಲ.

"ಮ್ಯಾಡಂ, ಅಲ್ಲೊಬ್ಬ ಹೆಂಗಸು ಸಾಯ್ತಿದ್ದಾಳೆ!" ಹಿಂದಿಯಲ್ಲಿ ಕೂಗಿದರು. ಅವರನ್ನು ನಾನು ಸಾವಿರ ಸಲ ನಕಲು ಮಾಡಿದ್ದೇನೆ, ಆ ದನಿ ನನ್ನ ಸಂಗ್ರಹದಲ್ಲಿರಲಿಲ್ಲ. ಮನುಷ್ಯ ನಿಜವಾಗಿ ಹೆದರಿದ್ದರು.

"ಗೊತ್ತು ಸರ್. ಅವನ ಕೈಲಿ ಒಂದು ಹೆಸರಿದೆ. ಯಾರದ್ದು ಅಂತ ನಮಗೆ ಇಲ್ಲಿಂದ ಕಾಣಲ್ಲ. ಈಗ ಕೊಂದರೆ ಆ ಹೆಸರು ಅರ್ಧ ತೆರೆದೇ ಇರತ್ತೆ. ಮತ್ತೆ ಶುರು ಮಾಡಿದಾಗ ಯಂತ್ರ ಹೇಳೋ ಮೊದಲನೇ ಗುಂಪು ಅದಕ್ಕೆ ಹೋಗಿ ಅಂಟತ್ತೆ. ಅಲ್ಲಿಂದ ಮುಂದೆ ಎಲ್ಲರದ್ದೂ ಒಂದು ಮನೆ ಜರುಗತ್ತೆ. ಆಮೇಲೆ ಅವಳ ಹೆಸರಿನ ಮುಂದೆ ಇನ್ಯಾರದ್ದೋ ಗುಂಪು."

"ಆಮೇಲೆ ಸರಿ ಮಾಡೋಣ!"

"ಚೀಲ ಮೈಯೊಳಗೆ ಹೋದಮೇಲಾ?"

ಸ್ಪೀಕರಿನಲ್ಲಿ ತಿವಾರಿಯ ಹಿಂದಿನಿಂದ ಯಾರೋ ಓಡುವ ಚಪ್ಪಲಿ ಸದ್ದು ಕೇಳಿಸಿತು. ಆಮೇಲೆ ಅವನ ದನಿ: "ಮ್ಯಾಡಂ, ಮಶೀನ್ ಕಾ ತಾರ್ ಖೀಂಚ್ ದೂಂ?" ತಂತಿಯನ್ನೇ ಎಳೆದುಬಿಡಲೇ ಎಂದು.

"ನಹೀಂ ಭಯ್ಯಾ! ತಾರ್ ಮತ್ ಛೂನಾ!" ಅಕ್ಕ ಕಿರುಚಿದ್ದು ನಾನು ಕೇಳಿದ್ದು ಅದೊಂದೇ ಸಲ. ನನ್ನ ಕಡೆ ತಿರುಗಿದರು. "ತಂತಿ ಕಿತ್ತರೆ ನಮ್ಮೋನಿಗೆ ಗೊತ್ತೇ ಆಗಲ್ಲ. ಆ ಕಡೆ ಮಾತು ನಿಂತಿದೆ ಅಂದ್ಕೊಂಡು ರಿಸೀವರ್ ಹಿಡ್ಕೊಂಡು ಕೂತೇ ಇರ್ತಾನೆ. ಆಮೇಲೆ ಎಬ್ಬಿಸೋಕೆ ದಾರೀನೂ ಇರಲ್ಲ. ಆ ಕಡೆಯಿಂದ ‘ಇಡ್ತೀನಿ’ ಅಂತ ಹೇಳಿ ಇಡಬೇಕು. ನೀನು ಅದರ ನಕಲು ಮಾಡಿದೋನು. ಹೇಳು, ಆ ಯಂತ್ರ ಫೋನ್ ಇಡೋದು ಹೇಗೆ?"

ಎಲ್ಲರ ಕಣ್ಣೂ ನನ್ನ ಮೇಲೆ. ಅಷ್ಟು ಜನ ನನ್ನನ್ನು ನೋಡುತ್ತಿದ್ದರೂ ಯಾರ ಮುಖದಲ್ಲೂ ನಗುವಿಲ್ಲದ್ದು ಅದೇ ಮೊದಲು. ಆ ಸ್ಟೂಲು, ಆ ಯಂತ್ರ ಕಣ್ಣಿಗೆ ಬಂದವು. ಕಾಗದದ ಸುರುಳಿಯ ಪುಟ್ಟ ಬಾಗಿಲು, ಅದರ ಹಿಂದೆ ನೀಲಿ ಗುಂಡಿ.

"ಕಾಗಜ್ ವಾಲಾ ಢಕ್ಕನ್ ಖೋಲಿಯೇ ಭಯ್ಯಾ. ನೀಲಾ ಬಟನ್," ಎಂದೆ ಫೋನಿಗೆ. "ಒತ್ತಿ."

ಬೀಪ್.

"ಹೋ ಗಯಾ!" ಎಂದ ತಿವಾರಿ. ಮ್ಯಾನೇಜರು ಉಸಿರು ಬಿಟ್ಟರು. ಪರದೆಯಲ್ಲಿ ಏನೂ ಬದಲಾಗಲಿಲ್ಲ.

ಆ ಬೀಪು ನನಗೆ ಗೊತ್ತಿತ್ತು. ಅದು ಯಂತ್ರ ತನ್ನ ಪರದೆ ಆರಿಸಿ ಕಣ್ಣು ಮುಚ್ಚುವ ಬೀಪು. ಲೈನು ಹಾಗೇ ಇರುತ್ತದೆ. ಫೋನು ಇಡುವಾಗ ಅದು ಎರಡು ಸಲ ಕೂಗುತ್ತದೆ, ಎರಡನೆಯದು ಇಳಿದ ದನಿಯಲ್ಲಿ. ಇದನ್ನು ಹಿಂದಿಯಲ್ಲಿ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಫೋನಿನ ಮೇಲೆ ಬಗ್ಗಿ, ಕೂಗಿದೆ: "ಟ್ವೀಂ... ಟೂಂ."

"ಕ್ಯಾ?"

"ಒತ್ತಿ ಹಿಡೀರಿ ಭಯ್ಯಾ, ದಬಾಕೇ ರಖಿಯೇ. ಐಸೇ ಬೋಲೇಗಾ. ಟ್ವೀಂ, ಟೂಂ."

ಈ ಕಡೆ ಅಕ್ಕನ ಬೆರಳು ಇನ್ನೂ ಮೇಲೇ ಇತ್ತು. ಮ್ಯಾನೇಜರ ಕೈಯೂ ಕೀಲಿಯ ಮೇಲೇ ಇತ್ತು. ಬೀಪ್, ಒಂದು. ಬಿಟ್ಟುಬಿಟ್ಟಿದ್ದ. "ಫಿರ್ ಸೇ," ಎಂದೆ. ಹಿಂದಿನಿಂದ ಒಬ್ಬ ಡಾಕ್ಟರು "ಎಲ್ಲಿ ಬ್ಲಡ್ಡು?" ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಇಡೀ ಮಹಡಿಯೇ ಉಸಿರು ಹಿಡಿದು ನಿಂತಿರುವಾಗ ನಾನೊಬ್ಬ ಮೇಜಿನ ಮೇಲೆ ಬಗ್ಗಿ, ಮತ್ತೆ ಮತ್ತೆ ಯಂತ್ರದ ಹಾಗೆ ಕೂಗುತ್ತಿದ್ದೆ.

ಟ್ವೀಂ. ಟೂಂ.

ಈ ಸಲ ಕೂಗಿದ್ದು ನಾನಲ್ಲ.

ಪರದೆ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಕೆಳಗಿನಿಂದ ಒಂದು ಸಾಲು ಮೂಡಿತು: ‘ಕೈಯಲ್ಲಿ ಏನೂ ಇಲ್ಲ. ಹೊರಟೆ.’ ಅದರ ಹಿಂದೆಯೇ ಬೀಗಕ್ಕೆ ಕಾದಿದ್ದವರೆಲ್ಲ ಒಬ್ಬೊಬ್ಬರಾಗಿ ಒಳಹೊಕ್ಕು, ತಮ್ಮದನ್ನು ಬರೆದಿಟ್ಟು, ಅದೇ ಸಾಲು ಹೇಳಿ ಹೊರಟರು. ಅಕ್ಕ ಬೆರಳು ಇಳಿಸಿದರು. ಮ್ಯಾನೇಜರು ತಾವು ಬರೆದಿದ್ದ ಆಜ್ಞೆಯನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು.

ಪ್ರೋಗ್ರಾಮು ಮತ್ತೆ ಎದ್ದಿತು. ಪಕ್ಕಕ್ಕೆ ಎತ್ತಿಟ್ಟ ಅರ್ಧ ದಾಖಲೆಯನ್ನು ಅಕ್ಕ ತೆರೆದು ನೋಡಿದರು. ಅದರಲ್ಲಿದ್ದದ್ದು ಒಬ್ಬ ಮುದುಕರ ಹೆಸರು. ಮುಂದಿನ ಸ್ಯಾಂಪಲ್ಲೇ ಆ ಹೆಂಗಸಿನದು. ಅವಳ ಗುಂಪು ಅವಳ ಹೆಸರಿನ ಮುಂದೆಯೇ ಬಂತು, ಕೈಯಿಂದ ಮಾಡಿದ ಪರೀಕ್ಷೆಗೂ ತಾಳೆಯಾಯಿತು. "ಬ್ಯಾಗ್ ಗಯಾ ಮ್ಯಾಡಂ," ಎಂದ ತಿವಾರಿ. ಫೋನು ಇಡಲು ಮರೆತು ಓಡಿರಬೇಕು. ಬಹಳ ಹೊತ್ತು ಆ ಲ್ಯಾಬಿನ ಸದ್ದು ನಮ್ಮ ಮೇಜಿನ ಮೇಲೆ ಕೇಳುತ್ತಲೇ ಇತ್ತು. ಅದನ್ನು ನಿಲ್ಲಿಸಲು ನಮಗಾರಿಗೂ ಮನಸ್ಸಾಗಲಿಲ್ಲ. ಸಂಜೆ ಹೊತ್ತಿಗೆ ಮತ್ತೆ ಫೋನು ಮಾಡಿದ. ತಾಯಿಗೆ ರಕ್ತ ನಿಂತಿದೆ. ಮಗು ಹೆಣ್ಣು, ಜೋರಾಗಿ ಅಳುತ್ತಿದೆ.

ಮರುದಿನದ ಮೀಟಿಂಗಿನಲ್ಲಿ ಮ್ಯಾನೇಜರು ಅಕ್ಕನನ್ನು ಹೊಗಳಲು ಬಾಯಿ ತೆರೆದರು. ಬೆರಳು ಎದ್ದಿತು.

"ಆ ಕೋಡ್ ನಂದು," ಎಂದರು ಅಕ್ಕ. "ಬೆಲ್ ಒತ್ತಿ ಬಂದೆ. ಒಳಗೆ ಕೇಳಿಸ್ತಾ ಅಂತ ನಿಂತು ನೋಡಲಿಲ್ಲ. ಪರೀಕ್ಷೆಯಲ್ಲಿ ಪಾಸಾಯ್ತು, ನಂಬಿದೆ."

ಪರೀಕ್ಷೆಯಲ್ಲಿ ಪಾಸಾದದ್ದು ನನ್ನ ನಕಲಿ ಯಂತ್ರದ ಎದುರು. ನಾನು ಕುರ್ಚಿಯಲ್ಲಿ ಕುಗ್ಗಿದೆ. ಆಮೇಲೆ ಟೀ ಅಂಗಡಿಯ ಹತ್ತಿರ ನನ್ನ ಪಕ್ಕ ನಿಂತು ಹೇಳಿದರು: "ನಿನ್ನ ಯಂತ್ರ ತುಂಬ ಮರ್ಯಾದಸ್ಥ ಕಣೋ. ಮಾತು ಮುಗಿಸಿ, ನಮಸ್ಕಾರ ಹೇಳಿ ಹೋಗತ್ತೆ. ನಿಜವಾದವು ಹಾಗಲ್ಲ, ಮತ್ಲಬ್, ನಡುವೆ ಸುಮ್ಮನಾಗಿಬಿಡ್ತವೆ. ಅದನ್ನ ನಕಲು ಮಾಡು."

"ಸುಮ್ಮನಿರೋದನ್ನ ಹೇಗೆ ನಕಲು ಮಾಡೋದು ಅಕ್ಕ?"

"ನಿನಗೆ ಕಷ್ಟಾನೇ," ಎಂದು ಲೋಟ ಕೆಳಗಿಟ್ಟರು.

ಆ ವಾರವೇ ಅವರು ತಮ್ಮ ಕೋಡಿನಲ್ಲಿ ಲೈನು ಮುಚ್ಚುವುದನ್ನು ಸೇರಿಸಿದರು. ನಾನು ನನ್ನ ಯಂತ್ರಕ್ಕೆ ಮಾತಿನ ನಡುವೆ ಮೂಕನಾಗುವುದನ್ನು ಕಲಿಸಿದೆ. ನಾನು ಮಾಡಿದ ನಕಲುಗಳಲ್ಲೆಲ್ಲ ಅದೊಂದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಮಾತ್ರ ಅದರ ಎದುರು ತಮ್ಮ ಕೇಳುಗನನ್ನು ಕೂರಿಸಿ, ನಿಲ್ಲಿಸಿ, ಆ ಸಾಲು ಬರುವವರೆಗೆ ಕಾದು, "ಹೂಂ" ಎಂದರು.

ಈ ವರ್ಷ ಅವರ ಯಜಮಾನರು ನಿವೃತ್ತರಾದರು. ನಿವೃತ್ತರಾದ ಮೇಲೆ ಕ್ವಾರ್ಟರ್ಸು ಬಿಡಬೇಕು. ಮೈಸೂರಿನಲ್ಲಿ ಒಂದು ಫ್ಲ್ಯಾಟು ನೋಡಿದರು. ಅಕ್ಕ ಕೆಲಸ ಬಿಟ್ಟರು. ಬೀಳ್ಕೊಡುಗೆಯ ದಿನ ಎಲ್ಲರೂ ಸೇರಿ ನನ್ನನ್ನು ಮುಂದೆ ತಳ್ಳಿದರು: "ಮ್ಯಾಡಂ ಕಾ ಕರ್ ನಾ, ಯಾರ್!" ಮ್ಯಾಡಂ ನಕಲು ಮಾಡು ಎಂದು. ನಿಂತು ಬೆರಳೆತ್ತಿದೆ. ಎಲ್ಲರೂ ನಕ್ಕರು, ಅಕ್ಕನೂ ನಕ್ಕರು. ಬೆರಳು ಬಂದಿತ್ತು, ಅಕ್ಕ ಬಂದಿರಲಿಲ್ಲ. ಮ್ಯಾನೇಜರು ಸಮೋಸ ಹಿಡಿದುಕೊಂಡೇ, "ಹಾಗಲ್ಲ, ಅವರು ಎತ್ತಿದರೆ ನನಗೆ ಹೆದರಿಕೆ ಆಗ್ತಿತ್ತು" ಎಂದರು. ಹೇಳಿದ್ದು ಸರಿಯಾಗಿತ್ತು. ನನ್ನ ಬೆರಳಿಗೆ ಯಾಕೆ ಯಾರೂ ಹೆದರಲಿಲ್ಲವೆಂದು ಮೆಟ್ರೋದಲ್ಲಿ ಲಕ್ಷ್ಮೀ ನಗರದವರೆಗೂ ಯೋಚಿಸಿದೆ. ಬಾಗಿಲು ಯಾವ ಕಡೆ ತೆರೆಯುತ್ತದೆಂದು ಹೇಳುವ ಹೆಂಗಸಿಗೂ ಗೊತ್ತಿರಲಿಲ್ಲ.

ಮನೆ ಒಪ್ಪಿಸುವ ದಿನ ಸಹಾಯಕ್ಕೆ ಹೋದೆ. ಸಾಮಾನಿನ ಲಾರಿ ಹಿಂದಿನ ದಿನವೇ ಹೊರಟಿತ್ತು. ಇಲಾಖೆಯವನು ಬಂದು ಪ್ರತಿಯೊಂದು ನಲ್ಲಿ ತಿರುಗಿಸಿ, ಫ್ಯಾನು ಹಾಕಿ ತೆಗೆದು ನೋಡಿದ. ಅಡುಗೆಮನೆಯ ಗೋಡೆಯಲ್ಲಿ ಅಕ್ಕನ ಅತ್ತೆ ಯಾವತ್ತೋ ಹೊಡೆಸಿದ್ದ ಒಂದೇ ಒಂದು ಮೊಳೆಯ ತೂತಿತ್ತಂತೆ. ಬೆಳಿಗ್ಗೆಯೇ ಅಕ್ಕ ಅದಕ್ಕೆ ಬಿಳಿ ಟೂತ್‌ಪೇಸ್ಟ್ ತುಂಬಿ, ಬೆರಳಿನಿಂದ ಸವರಿ ಸಮ ಮಾಡಿದ್ದರು. ಅವನಿಗೆ ಅದು ಕಾಣಲೇ ಇಲ್ಲ. ಎಲ್ಲ ಸರಿಯಿದೆ ಎಂದ. ಯಜಮಾನರು ಅವನ ಜೊತೆ ಸಹಿಗೆಂದು ಗೇಟಿನ ಕಡೆ ಹೋದರು.

"ಎಲ್ಲರೂ ಊರಿಗೆ ಹೋಗ್ತಿದೀರಾ ಅಂತ ಕೇಳ್ತಾರೆ," ಎಂದರು ಅಕ್ಕ ಖಾಲಿ ಕೋಣೆಯಲ್ಲಿ. "ಊರಿಂದಾನೇ ಅಲ್ವೇನೋ ಹೋಗ್ತಿರೋದು?"

ನಾನು ಚೀಲಗಳನ್ನು ಬಾಗಿಲ ಹತ್ತಿರ ಜೋಡಿಸಿದೆ.

ಸ್ಟೇಷನ್ನಿಗೆ ಹೋಗುವ ಟ್ಯಾಕ್ಸಿ ಬಂತು. ನಾನು ಚೀಲಗಳನ್ನು ಹೊರಗಿಟ್ಟು, ಬಾಗಿಲಲ್ಲಿ ನಿಂತು ಕರೆದೆ. "ಅಕ್ಕ, ಗಾಡಿ ಬಂತು." ಒಳಗೆ ಇಣುಕಿದೆ. ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದರು. ಬಲಗೈ ಆ ಗೋಡೆಯ ಮೇಲೆ. ಎಡಗೈಯ ಬೆರಳು ಮೇಲೆದ್ದಿತು.

ಒಲೆ ಇಲ್ಲ, ಪಾತ್ರೆ ಇಲ್ಲ. ಕೈಯಲ್ಲಿ ಏನೂ ಕಾಣಿಸಲಿಲ್ಲ. ಏನಿದೆ ಎಂದು ನಾನು ಕೇಳಲಿಲ್ಲ.

ಹೊರಗೆ ಟ್ಯಾಕ್ಸಿಯವನು ಹಾರ್ನ್ ಒತ್ತಿದ. ರೈಲಿನ ಹೊತ್ತಾಗುತ್ತಿತ್ತು. ಮತ್ತೆ ಒತ್ತಿದ. "ಅರೇ ಚಲೋ ಜೀ, ಜಲ್ದಿ!" ಎಂದು ಕೂಗಿದ.

ನಾನು ತಿರುಗಿ ನೋಡಲಿಲ್ಲ. ಅವನ ಕಡೆಗೆ ಒಂದು ಬೆರಳು ಎತ್ತಿದೆ.

ಹಾರ್ನು ನಿಂತಿತು.